ಕೆಟಲ್ ಬಂಡೆಯ ಹತ್ತಿರ, ತೊಂಬತ್ತು ಅಡಿ

ನಮ್ಮ ಬಂದರಿನಲ್ಲಿ ಗಾಳಿಯ ಬಗ್ಗೆ ಯಾರೂ ಸುಳ್ಳು ಹೇಳುವುದಿಲ್ಲ. ಮಂಜಿನ ಬಗ್ಗೆ, ಉಬ್ಬರವಿಳಿತದ ಬಗ್ಗೆಯೂ ಇಲ್ಲ. ಹೇಳಿದರೆ ಯಾರದಾದರೂ ಹೆಣ ಬೀಳುತ್ತದೆ. ಆದರೆ ಸಾಲ್ಮನ್ ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಯಾವ ಎರೆಗೆ ಬಿತ್ತು ಎಂದು ಕೇಳಿ ನೋಡಿ, ನಮ್ಮ ಪಾದ್ರಿಯೂ ಕಣ್ಣು ಮಿಟುಕಿಸದೆ ರೈಲು ಬಿಡುತ್ತಾನೆ. ಇದು ಪಾಪ ಎಂದು ಯಾರೂ ತಿಳಿದಿಲ್ಲ. ನಿಜ ಹೇಳಿಬಿಟ್ಟರೆ ಮಾತ್ರ ಜನ ಗಾಬರಿಯಾಗುತ್ತಾರೆ, ಇವನಿಗೆ ಏನೋ ಆಗಿದೆ ಎಂದು.

ನನ್ನ ಗಂಡ ಅನ್ಸೆಲ್ ಈ ವಿದ್ಯೆಯಲ್ಲಿ ಮಹಾ ಪಂಡಿತ. ಬೇರೆ ಯಾವ ವಿಷಯಕ್ಕೂ ಅವನ ಬಾಯಲ್ಲಿ ಸುಳ್ಳು ಬರುವುದಿಲ್ಲ. ನನ್ನ ಸೂಪಿಗೆ ಉಪ್ಪು ಜಾಸ್ತಿಯಾಗಿದ್ದರೆ ಮುಖದ ಮೇಲೇ ಹೇಳುತ್ತಾನೆ, ನನ್ನ ಅಕ್ಕನ ಹಾಡುಗಾರಿಕೆಯ ಬಗ್ಗೆಯೂ ಹೇಳಿದ್ದಾನೆ, ಅವಳೆದುರಿಗೇ. ಮೀನಿನ ಮಾತು ಬಂದರೆ ಮಾತ್ರ ಬೇರೆಯೇ ಮನುಷ್ಯ. ಮದುವೆಯಾದ ಎರಡನೆಯ ವರ್ಷ, ಚುಕ್ಕಾಣಿ ಯಾರು ಹಿಡಿಯಬೇಕೆಂಬ ಜಗಳದಲ್ಲಿ ನಾವು ದೋಣಿ ಬೇರೆ ಬೇರೆ ಮಾಡಿಕೊಂಡೆವು. ಅಂದಿನಿಂದ ಮೂವತ್ತನಾಲ್ಕು ವರ್ಷ, ಹಾಸಿಗೆ ಒಂದು, ದೋಣಿ ಎರಡು. ಪ್ರತಿ ಸಂಜೆ ಆಲೂಗಡ್ಡೆ ಸುಲಿಯುತ್ತಾ ನಾನು ಕೇಳುತ್ತೇನೆ, "ಎಲ್ಲಿ ಸಿಕ್ತು?" ಅವನು ಒಂದು ಜಾಗ ಹೇಳುತ್ತಾನೆ. ಮರುದಿನ ಆ ಜಾಗ ಒಂದನ್ನು ಬಿಟ್ಟು ಬೇರೆಲ್ಲಿಗಾದರೂ ಹೋಗುತ್ತೇನೆ. ನಾನೂ ಅವನಿಗೆ ಹಾಗೆಯೇ ಹೇಳುತ್ತೇನೆ ಅನ್ನಿ.

ಈ ವರ್ಷ ಮಾತ್ರ ನನಗೆ ಆಟವಾಗಿರಲಿಲ್ಲ. ಆಗಸ್ಟ್ ಕೊನೆಯ ಭಾನುವಾರ ನಮ್ಮಲ್ಲಿ ಸ್ಪರ್ಧೆ. ಬೆಳಗಾದಾಗಿನಿಂದ ಸಂಜೆ ನಾಲ್ಕರವರೆಗೆ ಅತಿ ದೊಡ್ಡ ಚಿನೂಕ್ ಸಾಲ್ಮನ್ ಹಿಡಿದವರ ಹೆಸರನ್ನು ಸಭಾಭವನದ ಸೀಡರ್ ಮರದ ಹಲಗೆಯ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ನನ್ನ ಅಪ್ಪನ ಹೆಸರು ಅಲ್ಲಿ ಎರಡು ಕಡೆ ಇದೆ. ಒಬ್ಬ ಹೆಂಗಸಿನ ಹೆಸರೂ ಇಲ್ಲ. ಹಲಗೆಯಲ್ಲಿ ಉಳಿದಿದ್ದದ್ದು ಒಂದೇ ಸಾಲಿನ ಜಾಗ. ಮುಂದಿನ ವರ್ಷದಿಂದ ಹಲಗೆ ಬೇಡ, ಗೋಡೆಗೆ ಟಿವಿ ಹಾಕಿ ಅದರಲ್ಲಿ ಹೆಸರು ಓಡಿಸೋಣ ಎಂದು ಸಮಿತಿಯವರು ತೀರ್ಮಾನಿಸಿದ್ದರು. ಟಿವಿಯಲ್ಲಿ ಓಡುವ ಹೆಸರು ಯಾರಿಗೆ ಬೇಕು! ನನಗೆ ಬೇಕಾಗಿದ್ದದ್ದು ಅಪ್ಪನ ಕೆಳಗಿನ ಆ ಕೊನೆಯ ಸಾಲು. ಅದಕ್ಕಾಗಿ ಜೂನ್‌ನಿಂದ ನನಗೆ ಸರಿಯಾಗಿ ಊಟ ಸೇರಿರಲಿಲ್ಲ.

ಆ ಸಾಲಿನ ಮೇಲೆ ನಮ್ಮ ಬಂದರಿನ ಇನ್ನೊಬ್ಬ ಮೀನುಗಾರ ವಿಲ್ಫ್‌ಗೂ ಕಣ್ಣಿತ್ತು. ಅವನ ಹೆಸರು ಹಲಗೆಯಲ್ಲಿ ಆಗಲೇ ನಾಲ್ಕು ಸಲ ಬಂದಿದೆ. ಆದರೂ ಹೊಟ್ಟೆ ತುಂಬಿಲ್ಲ. ಶನಿವಾರ ನಾನು ಧಕ್ಕೆಯ ಅಂಗಡಿಯಲ್ಲಿ ಮಂಜುಗಡ್ಡೆ ಕೊಳ್ಳುತ್ತಿದ್ದಾಗ, ಹತ್ತು ಜನರ ಎದುರು ಹಲ್ಲು ಕಿಸಿದ.

"ಯಾಕೆ ಸುಮ್ನೆ ಒದ್ದಾಡ್ತೀಯ, ರಾಗ್ನ? ಹೆಂಗಸರ ಕಡುಬಿನ ಸ್ಪರ್ಧೆ ಎರಡು ಗಂಟೆಗಿದೆ. ನಿನ್ನ ಬ್ಲ್ಯಾಕ್‌ಬೆರಿ ಕಡುಬು ಚೆನ್ನಾಗಿರತ್ತೆ."

"ನಿನ್ನ ಬಾಯಿಗೆ ಅದನ್ನೇ ತುರುಕ್ತೀನಿ, ಬಿಸಿಬಿಸಿಯಾಗಿ," ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಹೊಟ್ಟೆ ಉರಿಯುತ್ತಿತ್ತು.

ಕಾಲವಂತೂ ಹೇಳಿ ಮಾಡಿಸಿದ ಹಾಗಿತ್ತು. ಮೂರು ವಾರದಿಂದ ಮಳೆ ಬಂದಿರಲಿಲ್ಲ. ನದಿಯಲ್ಲಿ ಮೊಣಕಾಲುದ್ದ ನೀರು, ಹತ್ತಲು ದಾರಿಯಿಲ್ಲದೆ ದೊಡ್ಡ ಮೀನುಗಳೆಲ್ಲ ಹೊರಗೆ ಕಡಲಲ್ಲೇ ಸುತ್ತುಹಾಕುತ್ತಾ ಮಳೆಗೆ ಕಾಯುತ್ತಿದ್ದವು. ಮೇಲಿನ ನೀರು ಬೆಚ್ಚಗಾಗಿದ್ದರಿಂದ ಆಳಕ್ಕೆ ಇಳಿದಿದ್ದವು. ಬೆಳಗ್ಗೆ ಹನ್ನೊಂದರವರೆಗೂ ಮಂಜು, ದೋಣಿಯ ಮೂತಿ ಕಾಣದಷ್ಟು. ಮೀನು ಇದೆ ಎಂಬುದು ಎಲ್ಲರಿಗೂ ಗೊತ್ತು. ಎಲ್ಲಿ ಎಂಬುದೇ ಪ್ರಶ್ನೆ.

ಶನಿವಾರ ಸಂಜೆ ಊಟವಾಯಿತು. ಅನ್ಸೆಲ್ ತಟ್ಟೆ ತೊಳೆಯುತ್ತಿದ್ದ, ನಾನು ಒರೆಸುತ್ತಿದ್ದೆ. ನಾನು ಏನೂ ಕೇಳಿರಲಿಲ್ಲ. ಇದನ್ನು ಗಮನಿಸಬೇಕು, ಕೇಳಿಯೇ ಇರಲಿಲ್ಲ.

"ನಾಳೆ ನೀನು ಕೆಟಲ್ ಬಂಡೆ ಹತ್ರ ಹೋಗು," ಅಂದ.

ನನ್ನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. "ಏನಂದೆ?"

"ಕೆಟಲ್ ಬಂಡೆ. ಪಶ್ಚಿಮದ ಮಗ್ಗುಲು. ತೊಂಬತ್ತಡಿ ಇಳಿಸು. ಹತ್ತೂವರೆಗೆ ಉಬ್ಬರ ಮುಗಿದು ನೀರು ನಿಲ್ಲತ್ತೆ, ಅರ್ಧ ಗಂಟೆ ಮುಂಚೆನೇ ಅಲ್ಲಿರು. ಎರೆಗೆ ಹೆರಿಂಗ್ ಮೀನು ಇಡೀದೇ ಹಾಕು, ತುಂಡು ಬೇಡ."

ನಾನು ಅವನ ಹಣೆ ಮುಟ್ಟಿ ನೋಡಿದೆ. "ಜ್ವರ ಇಲ್ವಲ್ಲ."

"ನಿಜ ಕಣೇ, ಮಾರಾಯ್ತಿ. ಗುರುವಾರ ನನ್ನ ದಾರ ಕಿತ್ಕೊಂಡು ಹೋಯ್ತು ಒಂದು. ಅಂಥದ್ದನ್ನ ನಾನು ಹತ್ತು ವರ್ಷದಿಂದ ನೋಡಿಲ್ಲ."

"ಹಾಗಿದ್ರೆ ನೀನ್ಯಾಕೆ ಹೋಗಲ್ಲ?"

"ನಾನು ದಿಮ್ಮಿಗಳ ಕಡೆ ಹೋಗ್ತೀನಿ."

ದಿಮ್ಮಿಗಳ ಕಡೆ! ಮರದ ಕಾರ್ಖಾನೆಯವರು ದಿಮ್ಮಿ ತೇಲಿಬಿಟ್ಟು ಕಟ್ಟುವ ಜಾಗ ಅದು. ಅಲ್ಲಿ ಹಳೆಯ ಬೂಟು ಬಿಟ್ಟರೆ ಇನ್ನೇನೂ ಗಾಳಕ್ಕೆ ಬಿದ್ದದ್ದು ನಾನು ಕೇಳಿಲ್ಲ. ಇಂಥ ಹಸಿ ಸುಳ್ಳನ್ನು ಅನ್ಸೆಲ್‌ನಿಂದ ನಾನು ನಿರೀಕ್ಷಿಸಿರಲಿಲ್ಲ. ಸ್ವಲ್ಪ ಅವಮಾನವೂ ಆಯಿತು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಟೋಪಿ ಹಾಕುವಾಗ ಇನ್ನೊಂದಿಷ್ಟು ಶ್ರದ್ಧೆ ಬೇಡವೇ?

ಹಾಸಿಗೆಯಲ್ಲಿ ಮಲಗಿ ಲೆಕ್ಕ ಹಾಕಿದೆ. ಕೆಟಲ್ ಬಂಡೆ ಎಂದನೆಂದರೆ ಅಲ್ಲಿ ಮೀನಿಲ್ಲ. ದಿಮ್ಮಿ ಎಂದನೆಂದರೆ ಅವನು ಅಲ್ಲಿಗೆ ಹೋಗುವುದಿಲ್ಲ. ಹಾಗಾದರೆ ಎಲ್ಲಿಗೆ? ಮೂರು ವಾರದಿಂದ ಅವನು ಬಾಯಿಬಿಡದ ಜಾಗ ಒಂದೇ ಒಂದು, ಕಿವಿ ಕೊಲ್ಲಿ. ಸಿಕ್ಕಿಬಿದ್ದೆ ಮಗನೇ, ಎಂದುಕೊಂಡು ಮಗ್ಗುಲು ಬದಲಿಸಿದೆ. ಪಕ್ಕದಲ್ಲಿ ಅವನು ಮಗುವಿನಂತೆ ಗೊರಕೆ ಹೊಡೆಯುತ್ತಿದ್ದ.

ಬೆಳಗ್ಗೆ ಕಿವಿ ಕೊಲ್ಲಿಗೆ ಹೋದೆ. ಮಂಜಿನಲ್ಲಿ ಎಲ್ಲ ಬಿಳಿ, ನನ್ನ ಗಾಳದ ಕೋಲಿನ ತುದಿಯೂ ಕಾಣುತ್ತಿರಲಿಲ್ಲ. ಅನ್ಸೆಲ್ ಅಲ್ಲೇ ಎಲ್ಲೋ ಹತ್ತಿರದಲ್ಲಿ ಇದ್ದಾನೆ ಎಂಬ ಧೈರ್ಯದಲ್ಲಿ ದಾರ ಇಳಿಸಿ ಕೂತೆ. ಆಗ ನನ್ನ ತಲೆಗೆ ಆ ಉಪಾಯ ಹೊಳೆಯಿತು. ಅನ್ಸೆಲ್ ನನಗೆ ಕೊಟ್ಟ ಸುಳ್ಳು ಸುಮ್ಮನೆ ಹಾಳಾಗುವುದೇಕೆ? ವಿಲ್ಫ್‌ಗೆ ದಾಟಿಸಿದರೆ?

ವಿಲ್ಫ್‌ಗೆ ನೇರವಾಗಿ ಹೇಳಿದರೆ ನಂಬುವವನಲ್ಲ. ಆದರೆ ದೋಣಿಯ ರೇಡಿಯೋದಲ್ಲಿ ನಮ್ಮವರ ಒಂದು ಚಾಳಿ ಇದೆ. ಇಬ್ಬರು ಗುಟ್ಟು ಮಾತಾಡಬೇಕೆಂದರೆ ಬೇರೆ ಚಾನೆಲ್‌ಗೆ ಹೋಗುತ್ತಾರೆ, ಇಡೀ ಬಂದರು ಉಸಿರು ಹಿಡಿದು ಅವರ ಹಿಂದೆಯೇ ಅಲ್ಲಿಗೆ ಬರುತ್ತದೆ. ಕದ್ದು ಕೇಳಿದ್ದನ್ನು ಮಾತ್ರ ನಮ್ಮವರು ನಂಬುವುದು. ನನ್ನ ಗೆಳತಿ ಡೋರೀನ್‌ಳನ್ನು ಕರೆದೆ. ಅವಳಿಗೆ ವಿಲ್ಫ್‌ನ ಮೇಲೆ ನನಗಿಂತ ಹೆಚ್ಚು ಸಿಟ್ಟು.

"ಡೋರೀನ್, ಎಂಟನೇ ಚಾನೆಲ್‌ಗೆ ಬಾ," ಅಂದೆ. ಅವಳು ಬಂದಳು. ಹಿಂದೆಯೇ ಟಿಕ್, ಟಿಕ್, ಟಿಕ್ ಎಂದು ಏಳೆಂಟು ಜನ ಬಂದ ಸದ್ದು.

"ಯಾರಿಗೂ ಹೇಳ್ಬೇಡ ಕಣೇ," ಎಂದು ಪಿಸುಗುಟ್ಟಿದೆ. "ಅನ್ಸೆಲ್ ನಿದ್ದೆಯಲ್ಲಿ ಬಡಬಡಿಸ್ತಿದ್ದ. ಕೆಟಲ್ ಬಂಡೆ, ಪಶ್ಚಿಮದ ಮಗ್ಗುಲು, ತೊಂಬತ್ತಡಿ. ಹತ್ತೂವರೆಗೆ. ಇಡೀ ಹೆರಿಂಗ್."

ಡೋರೀನ್ ನನ್ನ ಉಪಾಯವನ್ನು ತಕ್ಷಣ ಹಿಡಿದುಕೊಂಡಳು. "ಅಯ್ಯೋ ದೇವ್ರೇ! ನಿದ್ದೆಯಲ್ಲಾ? ಹಾಗಾದ್ರೆ ನಿಜಾನೇ!"

"ನನ್ನ ಎಂಜಿನ್ ಕೈ ಕೊಟ್ಟಿದೆ ಕಣೇ. ಸರಿ ಮಾಡ್ಕೊಂಡು ಹೋಗೋವರೆಗೂ ಬಾಯಿ ಬಿಗಿ ಹಿಡ್ಕೊ."

"ನನ್ನಾಣೆ," ಎಂದಳು ಆ ಪುಣ್ಯಾತ್ಗಿತ್ತಿ, ನಗು ತಡೆದುಕೊಂಡು.

ಐದೇ ನಿಮಿಷ. ಮಂಜಿನೊಳಗೆ ಒಂದು ಎಂಜಿನ್ ಕೆಮ್ಮುತ್ತಾ ಪಶ್ಚಿಮಕ್ಕೆ ಓಡಿತು. ವಿಲ್ಫ್‌ನ ಎಂಜಿನ್‌ನ ಆ ಕೆಮ್ಮು ನನಗೆ ಗೊತ್ತಿಲ್ಲವೇ? ನಾನು ದೋಣಿಯ ಅಂಚು ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಹೋಗು ಮಗನೇ, ಹೋಗಿ ಬಂಡೆಗೆ ಮುತ್ತಿಡು!

ಆಮೇಲೆ ನಗುವಂಥದ್ದು ಏನೂ ನಡೆಯಲಿಲ್ಲ. ಮೊದಲು ಒಂದು ಪುಟ್ಟ ಶಾರ್ಕ್ ಸಿಕ್ಕಿತು, ಬಿಡಿಸುವಾಗ ನನ್ನ ಕೈಗವಸು ಹರಿಯಿತು. ಬಳಿಕ ಇನ್ನೊಂದು ಶಾರ್ಕ್, ಬಹುಶಃ ಅದರ ತಂಗಿ. ಒಂದು ಒಳ್ಳೆಯ ಕೋಹೋ ಸಾಲ್ಮನ್ ಗಾಳಕ್ಕೆ ಬಿದ್ದಾಗ ಕಡಲಸಿಂಹವೊಂದು ಬಂದು, ನನ್ನ ಮುಖ ನೋಡುತ್ತಲೇ ಅದನ್ನು ತಿಂದು, ತಲೆಯನ್ನು ಮಾತ್ರ ನನಗೆ ಬಿಟ್ಟು ಹೋಯಿತು. ಹನ್ನೊಂದಕ್ಕೆ ಮಂಜು ಸರಿಯಿತು. ಕಿವಿ ಕೊಲ್ಲಿ ಈ ತುದಿಯಿಂದ ಆ ತುದಿಯವರೆಗೆ ಖಾಲಿ. ಅನ್ಸೆಲ್ ಇರಲಿಲ್ಲ. ಯಾರೂ ಇರಲಿಲ್ಲ. ಇನ್ನೆಲ್ಲೋ ಬೇರೆ ಕಡೆ ಅಡಗಿದ್ದಾನೆ ಕಳ್ಳ ಎಂದು ಸಮಾಧಾನ ಮಾಡಿಕೊಂಡೆ. ನಾಲ್ಕರವರೆಗೆ ಕಡಲಿನ ಮೂಲೆ ಮೂಲೆ ಸುತ್ತಿದೆ. ದಕ್ಕಿದ್ದು ಹನ್ನೊಂದು ಪೌಂಡಿನ ಒಂದು ಮರಿ.

ಧಕ್ಕೆಗೆ ಬಂದಾಗ ತಕ್ಕಡಿಯ ಸುತ್ತ ಜನ ಗುಂಪುಗಟ್ಟಿದ್ದರು. ತಕ್ಕಡಿಯಲ್ಲಿ ತೂಗುತ್ತಿದ್ದದ್ದು ಮೀನಲ್ಲ, ಮೀನಿನ ಅಜ್ಜ. ನಲವತ್ತೊಂದು ಪೌಂಡು. ಪಕ್ಕದಲ್ಲಿ ವಿಲ್ಫ್, ಮುಖವೆಲ್ಲ ಹಲ್ಲು.

"ರಾಗ್ನ!" ಎಂದು ಕೂಗಿದ. "ಎಲ್ಲರೂ ಕೇಳಿ, ಈ ಮೀನು ರಾಗ್ನಳ ದಾನ! ಕೆಟಲ್ ಬಂಡೆ, ತೊಂಬತ್ತಡಿ, ಇಡೀ ಹೆರಿಂಗ್. ಹತ್ತೂವರೆಗೆ ಸರಿಯಾಗಿ ಗಾಳ ಕಚ್ಚಿತು. ರೇಡಿಯೋದಲ್ಲಿ ಕೇಳಿದ್ದು. ಮುಂದಿನ ಸಲವೂ ಹೀಗೇ ಗುಟ್ಟಾಗಿ ಮಾತಾಡಮ್ಮ ತಾಯಿ!"

ಜನ ಬಿದ್ದು ಬಿದ್ದು ನಕ್ಕರು. ಡೋರೀನ್ ಬಾಯಿಗೆ ಟೋಪಿ ಒತ್ತಿಕೊಂಡು ನನ್ನ ಕಡೆ ನೋಡಲೂ ಆರದೆ ನಿಂತಿದ್ದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಗುಂಪಿನ ಆಚೆ, ಮೀನು ಸೀಳುವ ಮೇಜಿನ ಹತ್ತಿರ, ಅನ್ಸೆಲ್ ನನ್ನನ್ನೇ ನೋಡುತ್ತಿದ್ದ. ಅವನ ಮುಂದೆ ಮೇಜಿನ ಮೇಲೆ ಒಂದು ಮೀನೂ ಇರಲಿಲ್ಲ.

ನಾನು ಅವನ ಹತ್ತಿರ ಹೋದೆ. ಜಗಳಕ್ಕೇ ಹೋದದ್ದು, ಸುಳ್ಳು ಯಾಕೆ?

"ನಿಜ ಹೇಳ್ತಿದೀನಿ ಅಂತ ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ನಲ್ಲ. ನಿಜ ಕಣೇ ಅಂದೆ."

"ಅದನ್ನ ನೀನು ದಿನಾ ಅಂತೀಯಲ್ಲೋ!"

ಅವನು ಸ್ವಲ್ಪ ಯೋಚಿಸಿದ. "ಅದೂ ಹೌದು," ಅಂದ.

"ನೀನೆಲ್ಲಿದ್ದೆ ಇಡೀ ದಿನ?"

"ದಿಮ್ಮಿಗಳ ಹತ್ರ."

"ದಿಮ್ಮಿಗಳ ಹತ್ರ ಏನು ಮಾಡ್ತಿದ್ದೆ?"

"ಕಾಫಿ ಕುಡೀತಿದ್ದೆ. ಗಾಳ ಹಾಕಿರಲಿಲ್ಲ. ಅಲ್ಲಿಂದ ಬಂಡೆ ಕಾಣತ್ತಲ್ಲ, ಮಂಜು ಸರಿದ ಮೇಲೆ ನೀನು ದೊಡ್ಡದನ್ನ ಎಳೆಯೋದು ನೋಡೋಣ ಅಂತ. ಸರಿದಾಗ ನೋಡ್ತೀನಿ, ವಿಲ್ಫ್ ಎಳೀತಿದಾನೆ." ಅವನ ತುಟಿ ನಡುಗಿತು. ಅಳುತ್ತಾನೇನೋ ಎಂದುಕೊಂಡೆ. ಇಲ್ಲ, ಆ ಹಾಳಾದವನು ನಗು ತಡೆಯುತ್ತಿದ್ದ. "ನಾನು ನಿದ್ದೆಯಲ್ಲಿ ಬಡಬಡಿಸ್ತೀನಾ, ರಾಗ್ನ?"

ಅವನೂ ಎಂಟನೆಯ ಚಾನೆಲ್‌ನಲ್ಲಿ ಕೂತಿದ್ದನಲ್ಲ, ಎಲ್ಲರಂತೆ. ಇಡೀ ಬಂದರು ಕೇಳುತ್ತಿರುವಾಗ ಅದು ನಿಜವೇ ಎಂದು ನನಗೆ ಹೇಳುವುದಾದರೂ ಹೇಗೆ?

ನನಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಸ್ಪರ್ಧೆಯ ದಿನ ಗಾಳ ಹಾಕದೆ ದಿಮ್ಮಿಗಳ ಪಕ್ಕ ಸುಮ್ಮನೆ ಕೂತಿದ್ದನಂತೆ. ಎಂಟು ವರ್ಷದವನಿದ್ದಾಗಿನಿಂದ ಒಂದು ಸಲವೂ ಸ್ಪರ್ಧೆ ತಪ್ಪಿಸದವನು, ಹಲಗೆಯಲ್ಲಿ ತನ್ನ ಹೆಸರೂ ಇಲ್ಲದವನು.

"ಯಾಕೋ ಹೀಗೆ ಮಾಡ್ದೆ?" ಎಂದು ಕೇಳಿದೆ.

ಅವನು ಖಾಲಿ ಮೇಜಿಗೆ ನೀರು ಹೊಯ್ದು ಉಜ್ಜತೊಡಗಿದ. "ಜೂನ್‌ನಲ್ಲಿ ಸಭಾಭವನ ಗುಡಿಸೋ ಸರದಿ ನಮ್ಮದಿತ್ತಲ್ಲ. ನಾನು ಬಕೆಟ್ ತರೋಕೆ ಹೋಗಿದ್ದೆ. ಬಾಗಿಲಿಂದ ನೋಡಿದೆ. ನೀನು ಕುರ್ಚಿ ಹತ್ತಿ ಆ ಕೊನೇ ಸಾಲಿನ ಮೇಲೆ ಬೆರಳಿಟ್ಟು ಅಳೀತಿದ್ದೆ, ನಿನ್ನ ಹೆಸರು ಹಿಡಿಸುತ್ತಾ ಅಂತ."

ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ ನಾನು. ನಾಚಿಕೆಯಾಯಿತು, ಸಂಕಟವಾಯಿತು, ಅವನ ಮೇಲೆ ಇಷ್ಟೊಂದು ಪ್ರೀತಿ ಒಮ್ಮೆಗೇ ಬಂದದ್ದಕ್ಕೆ ಸಿಟ್ಟೂ ಬಂತು. ಆಚೆ ಕಡೆ ವಿಲ್ಫ್ ಮೀನಿನ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದ. ಆ ಸಾಲು ಹೋಯಿತು, ಇನ್ನು ಬರುವುದಿಲ್ಲ. ಕೈಯಾರೆ ಕಳೆದುಕೊಂಡೆ.

ನಾನು ಇನ್ನೊಂದು ಬ್ರಷ್ ತೆಗೆದುಕೊಂಡು ಅವನ ಪಕ್ಕ ನಿಂತು ಮೇಜು ಉಜ್ಜಿದೆ. ಮೇಜಿನ ತುದಿ ತಲುಪಿದಾಗ ಕೇಳಿದೆ, "ಹಿಡಿಸ್ತಿತ್ತಾ, ನಿನ್ನ ಲೆಕ್ಕದಲ್ಲಿ?"

"ಏನು?"

"ನನ್ನ ಹೆಸರು. ಆ ಜಾಗದಲ್ಲಿ."

"ಓ, ಆರಾಮಾಗಿ!" ಎಂದ ಅನ್ಸೆಲ್, ನನ್ನ ಮುಖ ನೋಡದೆ. "ಪಕ್ಕದಲ್ಲಿ ಒಂದು ಮೀನಿನ ಚಿತ್ರ ಬರೆಯೋಷ್ಟು ಜಾಗವೂ ಉಳೀತಿತ್ತು. ನಿಜ ಕಣೇ."

ಕುರ್ಚಿ ಹತ್ತಿ ಅಳೆದವಳು ನಾನು. ನನ್ನ ಹೆಸರಿಗೆ ಎರಡು ಬೆರಳಿನಷ್ಟು ಜಾಗ ಕಡಿಮೆ ಬೀಳುತ್ತಿತ್ತು. ಆದರೂ ಆ ಮಾತನ್ನು ಅವನು ಹೇಳಿದ ಹಾಗೆಯೇ, ಒಂದಕ್ಷರವೂ ಬಿಡದೆ, ನಂಬಿದೆ.