ಜೊತೆಗೆ ಬಂದವರು ಮಾತಾಡುವಂತಿಲ್ಲ

ಕಿಟಕಿಯಾಚೆ ಮೇವು ಕೊಚ್ಚುವ ಯಂತ್ರ ಒಂದೇ ಸಮನೆ ಗುರುಗುಟ್ಟುತ್ತಿದೆ, ಚಳಿ ಹಿಂದೆ ಸರಿಯುತ್ತ ಜೋಳದ ಹಸಿದಂಟು ಗುಂಡಿ ಸೇರುವ ಕಾಲ, ಕೊಚ್ಚಿದ ದಂಟಿನ ಸಿಹಿಹುಳಿ ವಾಸನೆ ಕೊಟ್ಟಿಗೆಗಳನ್ನೆಲ್ಲ ದಾಟಿ ಈ ಕೋಣೆಯ ಉದ್ದ ಮೇಜಿನವರೆಗೂ ಬಂದಿದೆ, ಗುಂಡಿಯ ಮೇಲೆ ಟ್ರ್ಯಾಕ್ಟರು ಹಿಂದಕ್ಕೂ ಮುಂದಕ್ಕೂ ಓಡಾಡಿ ತುಳಿಯುತ್ತಿದೆ, ಒಳಗೆ ಗಾಳಿ ಉಳಿಯಬಾರದು, ಉಳಿದರೆ ಅಷ್ಟೂ ಮೇವು ಕೊಳೆಯುತ್ತದೆ, ಹೋದ ಪರೀಕ್ಷೆಯಲ್ಲಿ ಇದನ್ನೇ ಪುಟಗಟ್ಟಲೆ ಬರೆದಿದ್ದಳು, ಇನ್ನೊಂದು ಪರೀಕ್ಷೆ ಎನ್ನುವುದು ತನಗೆ ಉಂಟೋ ಇಲ್ಲವೋ — ಕೇಳಿಸ್ತಾ ಇದೆಯೇನಮ್ಮಾ, ನಿನ್ನನ್ನೇ ಕೇಳ್ತಿರೋದು. ಕೇಳಿಸ್ತಿದೆ ಮೇಡಂ. ಮೇಜಿನ ಆಚೆ ಕಾಲೇಜಿನ ಶಿಸ್ತು ಸಮಿತಿಯ ಮೂವರು, ನಡುವೆ ಅಧ್ಯಕ್ಷೆ, ಸತ್ತ ಹಸುವಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈಯಿಟ್ಟು ನಗುನಗುತ್ತ ಪಾಠ ಮಾಡಬಲ್ಲವರು, ಎಡಕ್ಕೆ ನಿವೃತ್ತಿ ಹತ್ತಿರವಾದ ಮೇಷ್ಟ್ರು, ಬಲಕ್ಕೆ ವಿದ್ಯಾರ್ಥಿಗಳ ಪರವಾಗಿ ಕೊನೇ ವರ್ಷದ ಒಬ್ಬ ಹುಡುಗ, ಊಟದ ಸಾಲಿನಲ್ಲಿ ದಿನಾ ಹಲ್ಲು ಕಿರಿಯುವವನು ಇವತ್ತು ಕಂಡೇ ಇಲ್ಲವೆಂಬಂತೆ ಕೂತಿದ್ದಾನೆ. ಮೇಜಿನ ಈಚೆ ಅವಳು, ಅವಳ ಪಕ್ಕ ಅಕ್ಕ. ಒಬ್ಬರನ್ನು ಜೊತೆಗೆ ಕರೆತರಬಹುದು, ಅವರು ಕೂರಬಹುದು, ಮಾತಾಡುವಂತಿಲ್ಲ. ಅಕ್ಕ ತುಟಿಗಳನ್ನು ಒಳಗೆಳೆದು ಕಚ್ಚಿ ಹಿಡಿದಿದ್ದಾಳೆ, ಹಾಲು ಕರೆಯುವಾಗ ಹಸುವಿನ ಹತ್ತಿರ, ಬಸ್ಸಿನಲ್ಲಿ ಪಕ್ಕದವರ ಹತ್ತಿರ, ಯಾರೂ ಸಿಗದಿದ್ದರೆ ಒಲೆಯ ಹತ್ತಿರವಾದರೂ ಮಾತಾಡುವ ಅಕ್ಕ, ಕಚ್ಚಿದ ತುಟಿ ಬೆಳ್ಳಗಾಗಿದೆ, ಸದ್ಯ, ಹಾಗೇ ಇರಲಿ, ಇನ್ನು ಸ್ವಲ್ಪ ಹೊತ್ತು.

ಬೇರೊಬ್ಬ ವಿದ್ಯಾರ್ಥಿನಿಯ ನಂಬರಿನ ಏಪ್ರನ್ ತೊಟ್ಟು, ಆಕೆಯ ಕರುವನ್ನು ತೂಗಿ, ಆಕೆಯೇ ಹಾಜರಿದ್ದಂತೆ ತೋರಿಸಿದ್ದು, ಒಪ್ತೀಯಾ ಇಲ್ಲಾಂತೀಯಾ. ಒಪ್ತೀನಿ ಮೇಡಂ. ಒಪ್ಪದೆ ಏನು ಮಾಡುವುದು, ಅಷ್ಟು ಹೊತ್ತು ಗೂಬೆ ನಿಂತು ಹೇಳಿಹೋದನಲ್ಲ, ರಾತ್ರಿಯೆಲ್ಲ ಕೊಟ್ಟಿಗೆ ಸುತ್ತುವ ಮೇಲ್ವಿಚಾರಕನಿಗೆ ಹುಡುಗಿಯರಿಟ್ಟ ಹೆಸರು ಅದು, ಕಣ್ಣಾರೆ ಕಂಡೆ ಮೇಡಂ, ಒಂದರ ಮೇಲೊಂದು ಎರಡು ಏಪ್ರನ್ನು, ಮೊದಲು ಇವಳದೇ ಕರು ತೂಗಿದಳು, ಆಮೇಲೆ ಕಂಬದ ಮರೆಗೆ ಹೋಗಿ ಮೇಲಿಂದು ಬಿಚ್ಚಿದ್ರೆ ಕೆಳಗೆ ಇನ್ನೊಬ್ಬಳ ನಂಬರು, ನಾನೇನು ಕುರುಡನಾ, ಆ ಕರುಗೂ ಗೊತ್ತಾಗಿ ಒದೆಯೋಕೆ ಬಂತು. ಮೇಷ್ಟ್ರು ನಕ್ಕರು. ಅವನಿಗೆ ಏನಾದರೂ ಕೇಳೋದಿದ್ರೆ ನನಗೆ ಹೇಳು, ನಾನು ಕೇಳ್ತೀನಿ, ನೇರವಾಗಿ ಕೇಳೋ ಹಾಗಿಲ್ಲ ಎಂದರು ಅಧ್ಯಕ್ಷೆ, ಅವಳಿಗೆ ಕೇಳುವುದು ಏನೂ ಇರಲಿಲ್ಲ, ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಕರು, ತೂಗುವುದು ಬೆಳಗಿನ ಜಾವ, ಹಾಲು ಕುಡಿಸುವ ಮುಂಚೆ, ಒಂದು ದಿನ ತಪ್ಪಿದರೂ ಆ ಕರುವಿನ ಅಂಕ ಹೋಯಿತು, ಜ್ವರ ಬಂದರೆ ವೈದ್ಯರ ಚೀಟಿ ತೂಗುವ ಮೊದಲೇ ಕೊಡಬೇಕು, ವೈದ್ಯರು ಬಾಗಿಲು ತೆಗೆಯುವುದು ಹತ್ತಕ್ಕೆ. ಆ ಇನ್ನೊಬ್ಬಳು, ಮೆಣಸು, ಹಿಂದಿನ ರಾತ್ರಿಯೆಲ್ಲ ಕಾದ ಕಾವಲಿಯ ಹಾಗೆ ಸುಡುತ್ತಿದ್ದಳು, ಮೂಗಿನ ಮೇಲೆ ಕೋಪವೆಂದು ಆ ಅಡ್ಡಹೆಸರು, ಒಂದೇ ಕೋಣೆಯ ಗೆಳತಿ, ಕರೆದರೆ ಓಗೊಡಲಿಲ್ಲ, ಮೊಳೆಗೆ ನೇತುಹಾಕಿದ್ದ ಅವಳ ಏಪ್ರನ್ನನ್ನು ಇವಳೇ ತೆಗೆದುಕೊಂಡು ಹೋದದ್ದು, ಅವಳಿಗೆ ಗೊತ್ತೇ ಇಲ್ಲ ಮೇಡಂ, ಅವಳು ಹೇಳಲಿಲ್ಲ, ಎಲ್ಲಾ ನಾನೇ. ಇದು ಸತ್ಯ. ಸಮಿತಿ ಇದನ್ನು ನಂಬಿದರೆ ಮೆಣಸು ಪಾರು, ತನಗೆ ಇದು ಮೊದಲ ತಪ್ಪು, ಆರು ತಿಂಗಳು ಹೊರಗಿಡುತ್ತಾರೆ, ಇಡಲಿ. ಮೆಣಸಿಗಾದರೆ ಆಗಲೇ ಒಂದು ಎಚ್ಚರಿಕೆ ಇದೆ, ಕೋಣೆಯಲ್ಲಿ ಕದ್ದು ನೀರು ಕಾಯಿಸಿದ್ದಕ್ಕೆ, ಎರಡನೆಯದು ಸಿಕ್ಕರೆ ಹೆಸರೇ ತೆಗೆದುಹಾಕುತ್ತಾರೆ, ಸಿಗಬಾರದು, ಅಕ್ಕನ ತುಟಿ ನೋಡಿದಳು, ಬಿಗಿಯಾಗಿಯೇ ಇದೆ.

ಪುಕ್ಕಟೆ ಯಾರಮ್ಮಾ ಏಳ್ತಾರೆ ಆ ಚಳೀಲಿ — ಮೇಷ್ಟ್ರು, ಕನ್ನಡಕ ಒರೆಸುತ್ತ — ನನ್ನ ಹೆಂಡತಿ ನನಗೋಸ್ಕರ ಎದ್ದಿಲ್ಲ ಇವತ್ತಿನವರೆಗೆ, ನಿಜ ಹೇಳು, ಎಷ್ಟು ಕೊಟ್ಟಳು. ಏನೂ ಕೊಟ್ಟಿಲ್ಲ ಸರ್. ದುಡ್ಡಿಗೆ ಮಾಡಿದ್ದಾದ್ರೆ ಅದು ಬೇರೆ ಕಲಮು, ಗೊತ್ತಿರಲಿ, ಖಂಡಿತ ಅಂತ ರುಜುವಾತು ಆಗಬೇಕಾಗಿಲ್ಲ ಇಲ್ಲಿ, ಹೀಗೇ ಆಗಿದ್ದಿರಬೇಕು ಅಂತ ನಮಗೆ ಅನ್ನಿಸಿದ್ರೆ ಸಾಕು. ಅನ್ನಿಸಿದರೆ ಸಾಕು, ಜ್ವರ ಇತ್ತು ಸರ್, ಅದಕ್ಕೇ. ಜ್ವರ ಬಂದೋರ ಕೆಲಸವೆಲ್ಲ ಮಾಡ್ತೀಯಾ ನೀನು. ಹೇಳಬಹುದಾದ ಮಾತು ಒಂದೇ ಇದೆ, ಅದನ್ನು ಹೇಳುವಂತಿಲ್ಲ. ಕಳೆದ ಮಳೆಗಾಲ, ಅಕ್ಕನ ಹೊಟ್ಟೆಯ ಆಪರೇಷನ್ನು, ರಜೆ ಕೇಳಲು ಕಚೇರಿಗೆ ಹೋಗಿ ನಿಂತರೆ ಗುಮಾಸ್ತ ತಲೆಯೆತ್ತಲಿಲ್ಲ, ತಂದೆ ತಾಯಿ ಆದ್ರೆ ಕೊಡಬಹುದು, ಅಕ್ಕ ಅದರಲ್ಲಿ ಬರಲ್ಲ. ಅಮ್ಮ ತೀರಿಕೊಂಡಾಗ ಇವಳಿಗೆ ಹಲ್ಲು ಬಂದಿರಲಿಲ್ಲ, ಎತ್ತಿ ಆಡಿಸಿದವಳು, ಮದುವೆ ಬೇಡವೆಂದು ಹಾಲು ಮಾರಿ ಓದಿಸಿದವಳು, ಅವಳು ಅದರಲ್ಲಿ ಬರುವುದಿಲ್ಲ. ಹೋಗೇ ಮಾರಾಯ್ತಿ, ನಿನ್ನ ಕರು ನಾನು ತೂಗ್ತೀನಿ ವಾರವೆಲ್ಲ, ನಿಮ್ಮೂರ ಕಡೆ ಮುಯ್ಯಾಳು ಹೋಗ್ತೀರಲ್ಲ, ಒಬ್ಬರ ಹೊಲ ಕಳೆ ಕಿತ್ತರೆ ಅವರು ಬಂದು ನಿಮ್ಮ ಹೊಲ ಕೀಳ್ತಾರಲ್ಲ, ಹಂಗೇ ಅಂದ್ಕೋ, ಯಾವತ್ತಾದ್ರೂ ತೀರಿಸು ಎಂದಿದ್ದಳು ಮೆಣಸು. ವಾರವೆಲ್ಲ ಇವಳ ನಂಬರು ತೊಟ್ಟು ತೂಗಿದ್ದಳು, ಗೂಬೆಯ ಕಣ್ಣಿಗೆ ಬೀಳಲಿಲ್ಲ, ಈಗ ಹೊರಬಿದ್ದರೆ ಅದೇ ಮೆಣಸಿನ ಎರಡನೆಯ ತಪ್ಪು. ಅದೇ ಮುಯ್ಯಿ ಇದು, ತೀರಿಸಲು ಹೋಗಿ ಸಿಕ್ಕಿಬಿದ್ದದ್ದು. ಆಸ್ಪತ್ರೆಯ ಮಂಚದ ಮೇಲೆ ಅಕ್ಕ ಕೇಳಿದ್ದಳು, ರಜೆ ಕೊಟ್ರೇನೇ. ಕೊಟ್ರಕ್ಕಾ, ಮೆಣಸು ನೋಡ್ಕೋತಾಳೆ ನನ್ನ ಕರುನ. ಆ ಹುಡುಗಿ ಹೊಟ್ಟೆ ತಣ್ಣಗಿರಲಿ ಎಂದು ಅಕ್ಕ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಳು, ಅದು ಕದ್ದು ಮಾಡಿದ್ದೆಂದು ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಹೊರಗಿನ ಬೆಂಚಿನ ಮೇಲೆ ಹೇಳಿಬಿಡಬಹುದಿತ್ತು, ಬಾಯಿತನಕ ಬಂದಿತ್ತು, ಹೇಳಿದರೆ ನನ್ನಿಂದ ಆಯ್ತಾ ಇದೆಲ್ಲ ಎಂದು ಅಕ್ಕ ಅಲ್ಲೇ ಕುಸಿಯುತ್ತಿದ್ದಳು, ಒಳಗೆ ಮಾತಾಡ್ಬಾರದಕ್ಕಾ, ರೂಲ್ಸು ಎಂದಷ್ಟೇ ಹೇಳಿ ಎದ್ದಳು, ನಿಯಮವೇ ಕಾಯುತ್ತದೆ ಎಂದುಕೊಂಡಳು.

ಒಂದು ಕೇಳಲಾ ಮೇಡಂ — ಬಲಗಡೆಯ ಹುಡುಗ — ಇವಳಿಗೂ ಅವಳು ಯಾವತ್ತಾದ್ರೂ ಹೀಗೆ ಮಾಡಿಕೊಟ್ಟಿದ್ಲಾ. ಯಂತ್ರ ಕಿವಿಯೊಳಗೇ ತಿರುಗುತ್ತಿದೆ. ಇಲ್ಲ. ಒಂದು ಸಲವೂ ಇಲ್ವಾ. ಇಲ್ಲ, ಅವಳಿಂದ ನನಗೆ ಏನೂ ಆಗಿಲ್ಲ. ಪಕ್ಕದ ಕುರ್ಚಿ ಕಿರುಗುಟ್ಟಿತು, ಅಕ್ಕ ತಿರುಗಿ ನೋಡುತ್ತಿದ್ದಾಳೆ, ಉಂಡ ಮನೆ ಮರೆತವಳನ್ನು ನೋಡುವ ಹಾಗೆ, ಕಚ್ಚಿದ್ದ ತುಟಿ ಸಡಿಲವಾಗಿದೆ, ಬೇಡ ಅಕ್ಕಾ, ಮೇಜಿನ ಕೆಳಗೆ ಅಕ್ಕನ ಮೊಣಕಾಲು ಹಿಡಿದಳು, ಅಕ್ಕ ಆ ಕೈ ಮೇಲೆ ತನ್ನ ಕೈಯಿಟ್ಟಳು, ಸಮಾಧಾನ ಮಾಡುವವಳ ಹಾಗೆ. ತುಟಿ ಮತ್ತೆ ಮುಚ್ಚಿತು. ಮುಚ್ಚಿದೆ. ಮುಗಿಯಿತು, ಇನ್ನೇನು ಮುಗಿಯಿತು, ತೀರ್ಪು ಬರೆದು ಕಳಿಸ್ತೀವಿ, ಮೇಲ್ಮನವಿ ಹಾಕ್ಬಹುದು ಎನ್ನುತ್ತಿದ್ದಾರೆ ಅಧ್ಯಕ್ಷೆ, ಕನ್ನಡಕ ತೆಗೆದು ಅಕ್ಕನ ಕಡೆ ನೋಡಿ ನಗುತ್ತಿದ್ದಾರೆ, ಒಳ್ಳೆಯ ನಗು, ನೀವು ಇವಳ ಅಕ್ಕ ಅಲ್ವಾ, ಪಾಪ ಅಷ್ಟು ದೂರದಿಂದ ಬಂದಿದೀರಿ, ನೀರು ಕುಡೀರಿ, ಅಧ್ಯಕ್ಷರು ಒಪ್ಪಿದ್ರೆ ಜೊತೆಗೆ ಬಂದವರೂ ಮಾತಾಡಬಹುದು ಅಂತ ಇದೆ ನಮ್ಮಲ್ಲಿ, ಏನಾದ್ರೂ ಹೇಳಬೇಕು ಅನ್ಸಿದ್ರೆ ಹೇಳಿ, ಹೆದರ್ಬೇಡಿ.

ಹಾಗಂತ ಎಲ್ಲಿದೆ, ಅವಳು ಓದಿರಲಿಲ್ಲ, ಮಾತಾಡುವಂತಿಲ್ಲ ಎನ್ನುವಲ್ಲಿಗೆ ಉಸಿರು ಬಿಟ್ಟು ನಿಯಮಗಳ ಹಾಳೆ ಮಡಿಸಿಟ್ಟಿದ್ದಳು. ಅಕ್ಕ ಸೆರಗು ಹೊದ್ದು ಎದ್ದು ನಿಂತಿದ್ದಾಳೆ, ಕೂತೇ ಹೇಳಿ ಅಂದರೂ ನಿಂತಿದ್ದಾಳೆ, ತಪ್ಪು ತಿಳ್ಕೋಬೇಡಿ ತಾಯಿ, ಹುಡುಗಿ ಹೆದರಿ ಹಂಗಂದ್ಬಿಟ್ಳು, ದುಡ್ಡೂ ಇಲ್ಲ ಗಿಡ್ಡೂ ಇಲ್ಲ, ಆ ಮೆಣಸು ಅಂತಾರಲ್ಲ, ಬಂಗಾರದಂಥ ಹುಡುಗಿ, ನಾನು ಆಸ್ಪತ್ರೇಲಿ ಮಲಗಿದ್ದಾಗ ವಾರವೆಲ್ಲ ನಮ್ಮ ಹುಡುಗಿ ಕರುನ ಅವಳೇ — ಮೇಷ್ಟ್ರು ಕೈ ಚಾಚಿ ಪೆನ್ನು ತೆಗೆದುಕೊಂಡರು, ಬಲಗಡೆಯ ಹುಡುಗ ತಲೆ ತಗ್ಗಿಸಿದ, ಅಧ್ಯಕ್ಷೆಯ ನಗು ಹಾಗೇ ನಿಂತಿದೆ, ಅಕ್ಕಾ ಎಂದಳೇ, ಅಂದುಕೊಂಡಳೇ, ಅಕ್ಕನ ಕಣ್ಣಲ್ಲಿ ನೀರು, ಋಣ ತೀರಿಸುತ್ತಿರುವವಳ ಸಂತೋಷ, ಕಚ್ಚಿ ಕಚ್ಚಿ ಹಲ್ಲಿನ ಗುರುತು ಮೂಡಿದ ತುಟಿಗಳು, ಒಣಗಿ ಬಿರಿದ ತುಟಿಗಳು, ಮಾತು ಇನ್ನು ಕೇಳಿಸುತ್ತಿಲ್ಲ, ತುಟಿಗಳು ಮಾತ್ರ, ಅಲುಗುತ್ತಿವೆ, ಅಕ್ಕನ ತುಟಿಗಳು ಅಲುಗುತ್ತಲೇ ಇವೆ