ಎಲೆಯ ನರದ ಮೇಲಿನ ಜೀವ

ಜೆರುಸಲೇಮಿನ ಆ ಓಣಿಯಲ್ಲಿ ಕಣ್ಣೆಂದರೆ ಜಮೀಲೆಯ ಕಣ್ಣು. ಯೆಹೂದಿಗಳ ಪೆಸಖ್ ಹಬ್ಬದ ಲೆಟ್ಯೂಸ್ ಸೊಪ್ಪನ್ನು ಎಲೆ ಎಲೆಯಾಗಿ ಕಿಟಕಿಯ ಬೆಳಕಿಗೆ ಹಿಡಿದು ಹುಳು ನೋಡುವ ಕೆಲಸ ನಲವತ್ತು ವರ್ಷಗಳಿಂದ ಅವಳದೇ. ಹಂದಿ ತಿಂದರೆ ಒಂದು ತಪ್ಪು, ಹುಳು ತಿಂದರೆ ನಾಲ್ಕೈದು ತಪ್ಪು ಎಂದು ಅಪ್ಪ ಕಲಿಸಿದ್ದ. ಆ ಸಂಜೆಯ ಹಬ್ಬದೂಟಕ್ಕೆ ಇಪ್ಪತ್ತೆರಡು ಜನ ಬರುವವರಿದ್ದರು. ಎಲ್ಲರೂ ಅವಳನ್ನು ನಂಬಿ ಸೊಪ್ಪು ಬಾಯಿಗಿಡುವವರೇ. ಆದರೆ ಈ ಸಲ ಎಲೆಗಳೆಲ್ಲ ಮಂಜು ಮಂಜಾಗಿದ್ದವು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕಿಟಕಿ ಪಕ್ಕದ ಕುರ್ಚಿ ಕೈತಪ್ಪುತ್ತದಲ್ಲ!

"ಅತ್ತೆ, ಇಲ್ಲೊಂದಿದೆ," ಎಂದಳು ಸೊಸೆ ತಿರ್ಸಾ, ಜಮೀಲೆ ನೋಡಿ ಪಕ್ಕಕ್ಕಿಟ್ಟಿದ್ದ ಎಲೆಯನ್ನೆತ್ತಿ.

"ನೀರಿನ ಹನಿ ಕಣೇ ಅದು."

"ಹನಿ ನಡೆಯುತ್ತಾ?"

"ಕಣ್ಣಿಗೆ ಕಾಣದ್ದನ್ನ ಶಾಸ್ತ್ರ ಕೇಳಲ್ಲ. ನಂಗೇ ಹೇಳ್ಕೊಡೋಕೆ ಬಂದ್ಬಿಟ್ಳು!"

"ನನ್ನ ಕಣ್ಣಿಗೆ ಕಾಣ್ತಿದೆಯಲ್ಲ ಅತ್ತೆ." ತಿರ್ಸಾ ಮೆಲ್ಲಗೆ ಅಂದು, ಗಂಡನ ಭೂತಗನ್ನಡಿ ತಂದುಕೊಟ್ಟಳು.

ಜಮೀಲೆ ಸಿಡುಕುತ್ತಲೇ ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದುಬಿಟ್ಟಳು. ಎಲೆಯ ನರದ ಮೇಲೆ ಎಲೆಯದೇ ಹಸಿರಿನ ಸಸ್ಯಹೇನು. ಆರು ಕಾಲು, ಎರಡು ಕೆಂಪು ಕಣ್ಣು, ಕೂದಲಿಗಿಂತ ತೆಳ್ಳಗಿನ ಮೀಸೆ. ಅದರ ಹಿಂದಿನಿಂದ ಇನ್ನೊಂದು ಪುಟ್ಟ ಮೈ ಹೊರಬರುತ್ತಿತ್ತು, ಕಾಲುಗಳು ಆಗಲೇ ಗಾಳಿಯಲ್ಲಿ ಆಡುತ್ತಿದ್ದವು.

"ಅಯ್ಯೋ ದೇವರೇ, ಹೆರ್ತಾ ಇದೆ ಕಣೇ ಇದು!"

ಹಾಲು ಬೆರೆಯಬಾರದ ಮಾಂಸದಡುಗೆಗೆ ತಪ್ಪಿ ಬಿದ್ದ ಹಾಲಿನ ಹನಿ, ಅಡುಗೆ ಅದರ ಅರವತ್ತು ಪಾಲಿದ್ದರೆ, ಇಲ್ಲವಾಯಿತೆಂದೇ ಲೆಕ್ಕ. ಇಡಿಯಾದ ಜೀವ ಮಾತ್ರ ಸಾವಿರ ಪಾಲಿನಲ್ಲೂ ಇಲ್ಲವಾಗುವುದಿಲ್ಲ. ಇದೂ ಅಪ್ಪನೇ ಕಲಿಸಿದ ನಿಯಮ. ಅದನ್ನು ಬರೀ ಬೆದರಿಕೆ ಅಂದುಕೊಂಡು ಜಮೀಲೆ ಇಷ್ಟು ವರ್ಷ ಹುಳುಗಳನ್ನು ಕೊಳೆಯಂತೆ ಒರೆಸಿ ಹಾಕಿದ್ದಳು. ಇಷ್ಟು ಪುಟ್ಟದ್ದನ್ನೂ ದೇವರು ಇಡಿಯಾದ ಜೀವವೆಂದೇ ಎಣಿಸಿದ್ದಾನೆ ಎಂಬುದು ಈಗ ಹೊಳೆದು ಕಣ್ಣು ತುಂಬಿಬಂತು.

ಎಲೆಯನ್ನು ಬಾಲ್ಕನಿಯ ಹೂಕುಂಡದಲ್ಲಿಟ್ಟು ಬಂದು, ಕುರ್ಚಿಯನ್ನು ಸೊಸೆಯ ಕಡೆ ತಳ್ಳಿದಳು.

"ಕೂತ್ಕೋ. ನಂಗೆ ಕಾಣ್ತಿಲ್ಲ ಕಣೇ, ತಿಂಗಳಾಯ್ತು. ನಾನು ನೋಡಿದ್ದನ್ನೆಲ್ಲ ಮತ್ತೆ ನೋಡು. ನಾನು ತೊಳೆದು ಕೊಡ್ತೀನಿ."

ತಿರ್ಸಾ ಕೂತು, ಮೊದಲ ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ನಲವತ್ತು ವರ್ಷ ಒಂದೊಂದು ಎಲೆ ಎತ್ತುವಾಗಲೂ ಜಮೀಲೆ "ಏನಾದ್ರೂ ಇದೆಯಾ?" ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಈಗ ತೊಳೆದ ಎಲೆಯನ್ನು ಸೊಸೆಯ ಕೈಗಿಡುತ್ತ, ದನಿ ತಗ್ಗಿಸಿ ಕೇಳಿದಳು:

"ಸರಿಯಾಗಿ ನೋಡು. ಯಾರಾದ್ರೂ ಇದ್ದಾರಾ?"