ಮೊನ್ನೆ ಹಾಕಿದ ಡ್ರೈವರ್

ಹೊಸ ಡಿಸ್ಕ್ ಪೆಟ್ಟಿಗೆಯ ದೀಪಗಳೆಲ್ಲ ಹಸಿರು. ಫ್ಯಾನು ತಿರುಗುತ್ತಿದೆ, ಹೆಬ್ಬೆರಳು ಗಾತ್ರದ ಕೇಬಲ್ಲು ಸರ್ವರಿನ ಬೆನ್ನಿಗೆ ಗಟ್ಟಿಯಾಗಿ ಕೂತಿದೆ. ಆದರೆ ಸರ್ವರನ್ನು ಕೇಳಿದರೆ ತನ್ನ ಬಳಿ ಇರುವುದು ಹಳೆಯ ಎರಡು ಡಿಸ್ಕುಗಳು ಮಾತ್ರ ಎನ್ನುತ್ತದೆ. ಬಾಗಿಲಲ್ಲಿ ನಿಂತ ನೆಂಟರನ್ನು ಕಂಡೂ ಕಾಣದಂತೆ ಒಳಗೆ ಹೋಗಿಬಿಡುವವರಿರುತ್ತಾರಲ್ಲ, ಹಾಗೆ.

ಹೈದರಾಬಾದಿನ ಬೇಗಂಪೇಟೆಯ ನಮ್ಮ ಕಂಪನಿಯಲ್ಲಿ ಅಮೆರಿಕದವರ ವಿಮೆ ಕಾಗದಗಳ ಸ್ಕ್ಯಾನುಗಳನ್ನು ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಹಳೆಯ ಡಿಸ್ಕುಗಳು ತುಂಬುತ್ತ ಬಂದಿದ್ದವು. ಮ್ಯಾನೇಜರ್ ಯಾದಗಿರಿ ಸರ್ ಸೋಮವಾರ ನನ್ನನ್ನು ಕರೆದು, ಶುಕ್ರವಾರದೊಳಗೆ ಈ ಪೆಟ್ಟಿಗೆ ಸರ್ವರಿಗೆ ಕಾಣಿಸಿದರೆ ನೀನು ಸರ್ವರ್ ರೂಮಿನಲ್ಲೇ ಇರು, ಇಲ್ಲದಿದ್ದರೆ ಮುಂದಿನ ವಾರದಿಂದ ಹೆಲ್ಪ್‌ಡೆಸ್ಕಿಗೆ ಎಂದಿದ್ದರು. ಹೆಲ್ಪ್‌ಡೆಸ್ಕ್ ಎಂದರೆ ಬೆಳಗಿನಿಂದ ಸಂಜೆಯವರೆಗೆ ಫೋನು. ದಿನಚರಿಯಲ್ಲಿ ಪುಟಗಟ್ಟಲೆ ಬರೆಯುವ ನನಗೆ ಫೋನಿನಲ್ಲಿ ಹಲೋ ಎಂದ ಮೇಲೆ ಮುಂದಿನ ಮಾತು ಹುಟ್ಟುವುದಿಲ್ಲ. ಸರ್ವರ್ ರೂಮಿನಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಅದೊಂದೇ ಕಾರಣಕ್ಕೆ ಅಲ್ಲಿನ ಎಸಿಯ ಚಳಿಯೂ ಹಿತವಾಗಿತ್ತು.

ಕೇಬಲ್ಲು ಬಿಚ್ಚಿ ಹಾಕಿದೆ. ಸರ್ವರ್ ಗುರುತು ಹಿಡಿಯಲೆಂದು ಪೆಟ್ಟಿಗೆಯ ಬೆನ್ನಿಗಿದ್ದ ನಂಬರು ಬದಲಿಸಿದೆ. ಪ್ರತಿ ಸಲ ಸರ್ವರನ್ನು ಆರಿಸಿ ಹೊತ್ತಿಸಬೇಕು, ಅದಕ್ಕೆ ಮೊದಲು ಹೊರಗೆ ಹೋಗಿ ಎಲ್ಲರೂ ಕೆಲಸ ನಿಲ್ಲಿಸಿ ಎಂದು ಬೇಡಿಕೊಳ್ಳಬೇಕು. ಅವರು ತೆಲುಗಿನಲ್ಲಿ 'ಮಳ್ಳೀನಾ' ಎಂದು ನಿಟ್ಟುಸಿರು ಬಿಡುತ್ತಿದ್ದರು. ಅಂದರೆ, ಮತ್ತೆ ಶುರುವಾಯಿತಾ. ಸರ್ವರ್ ಏಳುವ ಮೊದಲ ಕ್ಷಣದಲ್ಲಿ ಕೇಬಲ್ಲು ಕೂತಿದ್ದ ಕಾರ್ಡು ಪೆಟ್ಟಿಗೆಯ ಹೆಸರನ್ನು ಸರಿಯಾಗಿಯೇ ತೋರಿಸುತ್ತಿತ್ತು. ಪೂರ್ತಿ ಎದ್ದು ಕೂತ ಮೇಲೆ ಸರ್ವರಿಗೆ ಅದು ಮರೆತೇ ಹೋಗುತ್ತಿತ್ತು. ಹಾಗಾದರೆ ತಪ್ಪು ಡ್ರೈವರಿನದೇ ಇರಬೇಕು. ಡ್ರೈವರ್ ಅಂದರೆ ಕಾರ್ಡಿನ ಮಾತನ್ನು ಸರ್ವರಿಗೆ ತಿಳಿಸುವ ದುಭಾಷಿಯಂಥ ಸಾಫ್ಟ್‌ವೇರ್.

ಆದರೆ ಅದನ್ನು ಸೋಮವಾರವೇ ಕೇಳಿಯಾಗಿತ್ತು. ನನಗಿಂತ ಮೊದಲು ಈ ಸರ್ವರ್ ನೋಡಿಕೊಳ್ಳುತ್ತಿದ್ದವರು ಶರಣಕುಮಾರ್. ಮನೆಯವರು ಸೇಡಂ ಕಡೆಯವರು, ಅವರು ಹುಟ್ಟಿ ಬೆಳೆದದ್ದು ಇಲ್ಲಿಯೇ. ಅಪ್ಪನಿಗೆ ಬೆಂಗಳೂರಿನಿಂದ ವರ್ಗವಾಗಿ ನಾವು ಹೈದರಾಬಾದಿಗೆ ಬಂದು ವರ್ಷವೂ ಆಗಿಲ್ಲ. ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ ಆದ್ದರಿಂದ ಅವರನ್ನು ಕೇಳಲು ನನಗೆ ಅಷ್ಟು ಅಳುಕಿರಲಿಲ್ಲ.

"ಡ್ರೈವರ್ ಮೊನ್ನಿನೇ ಹಾಕೀನ್ರಿ, ಹೊಸಾದು. ಅದರ ಚಿಂತಿ ಬಿಡ್ರಿ," ಎಂದಿದ್ದರು.

ಬಿಟ್ಟೆ. ಪೆಟ್ಟಿಗೆ ಮಾರಿದವರು ಫೋನಿನಲ್ಲಿ ಡ್ರೈವರ್ ಹೊಸದೇ ಎಂದು ಕೇಳಿದಾಗ, ತೊದಲುತ್ತ, ಹೌದು, ಮೊನ್ನೆಯಷ್ಟೇ ಹಾಕಿದ್ದು ಎಂದೆ. ಅವರು ನಂಬಿ ಬೇರೆ ಕೇಬಲ್ಲು ಕಳಿಸಿದರು. ಆಮೇಲೆ ಕಾರ್ಡನ್ನೇ ಬದಲಿಸಿಕೊಟ್ಟರು. ಫಲ ಅದೇ: ಹಸಿರು ದೀಪ, ಎರಡು ಡಿಸ್ಕು, ಮಳ್ಳೀನಾ.

ಶುಕ್ರವಾರ ಬೆಳಿಗ್ಗೆ ಮಾಡಲು ಇನ್ನೇನೂ ತೋಚದೆ, ಸರ್ವರ್ ಏಳುವಾಗ ಪರದೆಯ ಮೇಲೆ ಓಡುವ ಸಾಲುಗಳನ್ನು ಸುಮ್ಮನೆ ನೋಡುತ್ತ ನಿಂತೆ. ಡ್ರೈವರಿನ ಹೆಸರು ಬಂತು. ಅದರ ಪಕ್ಕದಲ್ಲೇ ಇಸವಿ, ೧೯೯೯. ಈ ಪೆಟ್ಟಿಗೆ ತಯಾರಾದದ್ದೇ ಈ ವರ್ಷ, ೨೦೦೧ರಲ್ಲಿ. ತನ್ನ ಕಾಲಕ್ಕೆ ಹುಟ್ಟದ ಕೂಸನ್ನು ಗುರುತು ಹಿಡಿ ಎಂದು ಆ ಡ್ರೈವರನ್ನು ಐದು ದಿನ ಪೀಡಿಸಿದ್ದೆ.

ಶರಣಕುಮಾರ್ ಕ್ಯಾಂಟೀನಿನಲ್ಲಿ ಚಹಾದೊಳಗೆ ಬಿಸ್ಕತ್ತು ಅದ್ದುತ್ತಿದ್ದರು.

"ಡ್ರೈವರ್ ಮೊನ್ನೆ ಹಾಕಿದೆ ಅಂದ್ರಲ್ಲ?"

"ಹೌದ್ರಿ, ಮೊನ್ನಿನೇ. ಆಫೀಸು ದಿಲ್‌ಸುಖ್‌ನಗರದಾಗ ಇತ್ತಲ್ಲ, ಆಗ."

"ಅದು ಎರಡು ವರ್ಷದ ಹಿಂದಿನ ಮಾತು."

"ಅದಕ್ಕ ಮೊನ್ನಿ ಅಂದೆ. ಇಲ್ಲಿ ಪರಸೋಂ ಅಂತಾರಲ್ರಿ, ಅದನ್ನ ಕನ್ನಡದಾಗ ಹೇಳಿದೆ. ನಿಮ್ಮ ಕಡಿ ಮೊನ್ನಿಗೆ ತಾರೀಖು ಇರ್ತೈತೇನು?"

ಶಾಲೆಯ ಹಿಂದಿ ಪುಸ್ತಕದಲ್ಲಿ ಪರಸೋಂ ಎಂದರೆ ನಿನ್ನೆಯ ಹಿಂದಿನ ದಿನ. ಈ ಊರಿನಲ್ಲಿ ಕಳೆದುಹೋದ ಯಾವ ದಿನವಾದರೂ ಪರಸೋಂ. ವಾಪಸು ಬಂದು ಇಂಟರ್‌ನೆಟ್ಟಿನಿಂದ ಹೊಸ ಡ್ರೈವರ್ ಇಳಿಸಿಕೊಂಡೆ. ಅದು ಇಳಿಯುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು. ಹಾಕಿ, ಕಡೆಯ ಸಲ ಎಲ್ಲರಿಂದ ಮಳ್ಳೀನಾ ಅನ್ನಿಸಿಕೊಂಡು ಸರ್ವರನ್ನು ಹೊತ್ತಿಸಿದೆ. ಮೂರನೆಯ ಡಿಸ್ಕು ಕಾಣಿಸಿತು, ಇದರಲ್ಲೇನು ವಿಶೇಷ ಎಂಬಂತೆ.

ಸಂಜೆ ಯಾದಗಿರಿ ಸರ್ ಇಬ್ಬರನ್ನೂ ಕೂರಿಸಿಕೊಂಡು, ಇಷ್ಟಕ್ಕೆ ವಾರ ಯಾಕೆ ಬೇಕಾಯಿತು ಎಂದು ಕೇಳಿದರು. ಶರಣಕುಮಾರ್ ತಾವಾಗಿಯೇ, ಒಂದು ಚೂರೂ ಅಳುಕಿಲ್ಲದೆ, ಡ್ರೈವರನ್ನು ಪರಸೋಂ ಹಾಕಿದ್ದೆ ಎಂದು ಇವರಿಗೆ ಹೇಳಿದ್ದೆ ಸರ್ ಎಂದು ಹಿಂದಿಯಲ್ಲಿ ಹೇಳಿದರು.

ಸರ್ ನನ್ನ ಕಡೆ ತಿರುಗಿದರು. ಪರಸೋಂ ಅಂದ ಮೇಲೆ ಹಳೆಯದೇ ಅಲ್ಲವೇ, ಅಷ್ಟೂ ತಿಳಿಯಲಿಲ್ಲವೇ ಎಂದರು. ಈ ಹುಡುಗಿಗೆ ಊರಿನ ಮಾತು ಬರುವುದಿಲ್ಲ, ಎರಡು ತಿಂಗಳು ಹೆಲ್ಪ್‌ಡೆಸ್ಕಿನಲ್ಲಿ ಕೂತರೆ ಬಂದೀತು ಎಂದು ಶರಣಕುಮಾರರಿಗೆ ಹೇಳಿದರು, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ.

ನಾನು ಎದ್ದು ನಿಂತೆ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ, ಯಾವುದರಲ್ಲಿ ಹೇಳಿದೆನೋ ಈಗ ನೆನಪಿಲ್ಲ. ಹೇಳಿದ್ದು ಇಷ್ಟು: "ಪೆಟ್ಟಿಗೆ ಕಾಣಿಸಿದರೆ ಇಲ್ಲೇ ಇರು ಅಂದಿದ್ರಿ ಸರ್. ಕಾಣಿಸ್ತಾ ಇದೆ. ನಾನು ಇಲ್ಲೇ ಇರ್ತೀನಿ."

ಸರ್ ಗಡಿಯಾರ ನೋಡಿದರು. ಆಮೇಲೆ, ಹಾಗಾದರೆ ಸ್ಕ್ಯಾನುಗಳನ್ನು ಇವತ್ತೇ ಹೊಸ ಪೆಟ್ಟಿಗೆಗೆ ಸಾಗಿಸಲು ಶುರುಮಾಡು ಎಂದು ಎದ್ದರು.

ಸರ್ವರ್ ರೂಮಿನವರೆಗೂ ಶರಣಕುಮಾರ್ ನನ್ನ ಹಿಂದೆಯೇ ಬಂದರು.

"ಭಾಳ ಛಲೋ ಮಾತಾಡ್ತೀರಿ ಬಿಡ್ರಿ. ಫೋನಿಗೆ ಕುಂದರಿಸಿದ್ರೂ ನಡೀತಿತ್ತು."

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.